ಒಂದು ಲೈನ್ ಸೇರ್ಸಿದ್ರೆ ಲೆಟರ್ ಪೂರ್ತಿ ಅಲ್ಲಾಡುತ್ತೆ, ಏನ್ ಪ್ರಾಕ್ಟೀಸ್ ಮಾಡ್ಲಿ?

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನವಳು ಸರ್. ಬಿಕಾಂ ಮುಗಿಸಿ ಕಂಪ್ಯೂಟರ್ ಕೋರ್ಸ್ ಮಾಡಿದೀನಿ, ಈಗ ತುಮಕೂರಲ್ಲಿ ಒಂದು ಸಹಕಾರ ಸಂಘದ ಆಫೀಸಲ್ಲಿ ಕ್ಲರ್ಕ್ ಆಗಿ ಸೇರಿದೀನಿ. ಕೋರ್ಸಲ್ಲಿ ವರ್ಡ್ ಎಲ್ಲಾ ಬರ್ತಿತ್ತು, ಇಲ್ಲಿ ಒಂದು ಲೆಟರ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತೆ. ಕೊಟ್ಟ ಮೇಲೆ ಸೆಕ್ರೆಟರಿ ಸರ್ "ಇಲ್ಲೊಂದು ಲೈನ್ ಸೇರ್ಸಮ್ಮ" ಅಂದ್ರೆ ತಾರೀಕು ಎಲ್ಲಿಗೋ ಹೋಗುತ್ತೆ, ಸಹಿ ಜಾಗ ಮಾತ್ರ ಎರಡನೇ ಪೇಜಿಗೆ ಹೋಗುತ್ತೆ. ಮನೇಲಿ ಹಳೇ ಲ್ಯಾಪ್‌ಟಾಪ್ ಇದೆ, ಅದ್ರಲ್ಲಿ ವರ್ಡ್ ಇಲ್ಲ. ದಿನಾ ಏನ್ ಪ್ರಾಕ್ಟೀಸ್ ಮಾಡ್ಲಿ? ಟೈಪಿಂಗ್ ಸ್ಪೀಡ್ ಜಾಸ್ತಿ ಆದ್ರೆ ಸರಿ ಹೋಗುತ್ತಾ? ನುಡಿನಾ ಯೂನಿಕೋಡಾ ಅಂತಾನೂ ಗೊತ್ತಾಗ್ತಿಲ್ಲ.

ಉತ್ತರ:

ಸ್ಪೀಡ್ ವಿಷಯ ಮೊದ್ಲು ಮುಗಿಸಿಬಿಡೋಣ. ಆಫೀಸ್ ಲೆಟರ್ ಒಂದ್ರಲ್ಲಿ ಹೆಚ್ಚು ಅಂದ್ರೆ 150 ಪದ ಇರುತ್ತೆ, ನಿಮಿಷಕ್ಕೆ 20 ಪದ ಅಂತ ನಿಧಾನಕ್ಕೆ ಹೊಡೆದ್ರೂ ಎಂಟು ನಿಮಿಷದಲ್ಲಿ ಮ್ಯಾಟರ್ ಮುಗೀತು. ನಿಮಗೆ ಮುಕ್ಕಾಲು ಗಂಟೆ ಆಗ್ತಿದೆ ಅಂದ್ರೆ ಉಳಿದಿದ್ದೆಲ್ಲಾ ಸ್ಪೇಸ್ ಬಾರ್ ಒತ್ತೋದ್ರಲ್ಲಿ, ಎಂಟರ್ ಒತ್ತೋದ್ರಲ್ಲಿ, ಆಮೇಲೆ ಬ್ಯಾಕ್‌ಸ್ಪೇಸ್ ಒತ್ತೋದ್ರಲ್ಲಿ ಹೋಗ್ತಿದೆ. ಸ್ಪೀಡ್ ಡಬಲ್ ಮಾಡ್ಕೊಂಡ್ರೂ ನಾಲ್ಕು ನಿಮಿಷ ಉಳಿಯುತ್ತೆ ಅಷ್ಟೇ.

ನಿಮ್ಮ ಲೆಟರ್‌ಗೆ ಏನಾಗಿದೆ ಅಂತ ನೋಡ್ಬೇಕಾ? ನೀವೇ ಮಾಡಿದ ಒಂದು ಲೆಟರ್ ಓಪನ್ ಮಾಡಿ ಕಂಟ್ರೋಲ್ ಶಿಫ್ಟ್ 8 ಒತ್ತಿ. ಕಣ್ಣಿಗೆ ಕಾಣದ ಗುರುತುಗಳೆಲ್ಲಾ ಎದ್ದು ಬರುತ್ತೆ, ಪದಗಳ ಮಧ್ಯೆ ಚುಕ್ಕಿ ಇದ್ರೆ ಸ್ಪೇಸು, ಬಾಣ ಇದ್ರೆ ಟ್ಯಾಬು, ತಿರುಗಿಸಿಟ್ಟ ಪಿ ಥರ ಇರೋದು ಎಂಟರ್. ದಿನಾಂಕದ ಹಿಂದೆ ಸಾಲಾಗಿ ಮೂವತ್ತು ನಲವತ್ತು ಚುಕ್ಕಿ, ಸಹಿ ಮೇಲೆ ಖಾಲಿ ಎಂಟರ್‌ಗಳ ಮೆರವಣಿಗೆ ಕಾಣುತ್ತೆ ಅಂತ ನನ್ನ ಊಹೆ. ಇದು ಟೈಪ್‌ರೈಟರ್ ಕಾಲದ ಅಭ್ಯಾಸ. ಟೈಪ್‌ರೈಟರಲ್ಲಿ ಕೀ ಒತ್ತಿದಾಗೆಲ್ಲಾ ಗಾಡಿ ಒಂದೇ ಅಳತೇಲಿ ಸರೀತಿತ್ತು, ಹಾಗಾಗಿ ಸ್ಪೇಸ್ ಎಣಿಸಿ ಹಾಕಿದ್ರೆ ಕರೆಕ್ಟಾಗಿ ಕೂರ್ತಿತ್ತು. ಕಂಪ್ಯೂಟರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಗಲ, ಕನ್ನಡದಲ್ಲಂತೂ 'ರ'ಗೂ 'ಯ'ಗೂ ಎಷ್ಟು ವ್ಯತ್ಯಾಸ ನೋಡಿ, ಅಲ್ಲಿ ಸ್ಪೇಸ್ ಹಾಕಿ ಜೋಡಿಸೋದು ಅಂದ್ರೆ ಅಲ್ಲಾಡೋ ಮೇಜಿನ ಕಾಲಿಗೆ ಪೇಪರ್ ಮಡಚಿ ಇಟ್ಟಂಗೆ, ಯಾರೂ ಮುಟ್ಟದೇ ಇರೋವರೆಗೂ ನಿಂತಿರುತ್ತೆ.

ಆದ್ರೆ ಆಫೀಸಲ್ಲಿ ಮುಟ್ಟೇ ಮುಟ್ತಾರೆ! ಕೋರ್ಸಿಗೂ ಆಫೀಸಿಗೂ ಇರೋ ವ್ಯತ್ಯಾಸ ಇದೇ. ಕೋರ್ಸಲ್ಲಿ ಒಂದು ಪೇಜ್ ಟೈಪ್ ಮಾಡಿ ಬೋಲ್ಡ್, ಇಟಾಲಿಕ್, ವರ್ಡ್ ಆರ್ಟ್ ಎಲ್ಲಾ ಹಾಕಿ ತೋರ್ಸಿದ್ರೆ ಮುಗೀತು, ಆ ಫೈಲ್‌ನ ಮತ್ತೆ ಯಾರೂ ತೆಗೆಯಲ್ಲ. ಆಫೀಸಲ್ಲಿ ಟೈಪ್ ಆಗಿದ್ದು ಬರೀ ಕರಡು. ಸೆಕ್ರೆಟರಿ ತಿದ್ತಾರೆ, ಅಧ್ಯಕ್ಷರು ತಿದ್ತಾರೆ, ಮುಂದಿನ ವರ್ಷ ಅದೇ ಫೈಲಲ್ಲಿ ತಾರೀಕು ಬದಲಾಯಿಸಿ ಮತ್ತೆ ಕಳಿಸ್ತಾರೆ. ಅದಕ್ಕೆ ನೀವು ಪ್ರಾಕ್ಟೀಸ್ ಮಾಡ್ಬೇಕಾಗಿರೋದು ಟೈಪ್ ಮಾಡೋದನ್ನಲ್ಲ, ತಿದ್ದಿದ್ರೂ ಕೆಡದೇ ಇರೋ ಹಾಗೆ ಕಟ್ಟೋದನ್ನ. ಪ್ರತಿ ಡಾಕ್ಯುಮೆಂಟ್ ಮುಗಿಸಿದ ಮೇಲೆ ನೀವೇ ಅದಕ್ಕೆ ಕಾಟ ಕೊಡಿ: ಮಧ್ಯೆ ಮೂರು ಲೈನ್ ಸೇರ್ಸಿ, ಅಕ್ಷರದ ಸೈಜ್ 12 ಇದ್ರೆ 14 ಮಾಡಿ, ಎಡಗಡೆ ಮಾರ್ಜಿನ್ ಒಂದು ಸೆಂಟಿಮೀಟರ್ ಜಾಸ್ತಿ ಮಾಡಿ, 'ರವಿ' ಅಂತ ಇರೋ ಕಡೆ 'ಲಕ್ಷ್ಮೀನರಸಿಂಹಯ್ಯ' ಅಂತ ಹಾಕಿ. ಎಲ್ಲಾ ಅದರದರ ಜಾಗದಲ್ಲೇ ಇದ್ರೆ ಪಾಸು. ಏನಾದ್ರೂ ಸರಿದ್ರೆ ಅಲ್ಲಿ ಸ್ಪೇಸೋ ಎಂಟರ್ರೋ ಇದೆ ಅಂತ ಅರ್ಥ, ಹುಡುಕಿ ತೆಗೀರಿ (ಮಾರ್ಜಿನ್ ಬದಲಾಯಿಸಿದಾಗ ಬಲಗಡೆ ತಾರೀಕು ಸರಿಯೋದೊಂದು ಬೇರೆ, ಅದನ್ನ ಕೆಳಗೆ ಹೇಳ್ತೀನಿ).

ಶುರು ಮಾಡೋಕೆ ಸಾದಾ ಪತ್ರನೇ ಸಾಕು. ಒಂದು ವಾರ ಅದನ್ನೊಂದನ್ನೇ ಮಾಡಿದ್ರೂ ನಷ್ಟ ಇಲ್ಲ, ಯಾಕಂದ್ರೆ ಅರ್ಧ ವರ್ಡ್ ಅದ್ರಲ್ಲೇ ಇದೆ.

ಏನೂ ಟೈಪ್ ಮಾಡೋಕೆ ಮುಂಚೆ ಪೇಪರ್ ಸೈಜ್ ನೋಡಿ. ಎಷ್ಟೋ ಕಂಪ್ಯೂಟರಲ್ಲಿ ಅಮೆರಿಕದ ಲೆಟರ್ ಸೈಜ್ ಸೆಟ್ ಆಗಿರುತ್ತೆ, ಅದು 27.94 ಸೆಂಟಿಮೀಟರ್ ಉದ್ದ, ನಮ್ಮ ಪ್ರಿಂಟರಲ್ಲಿರೋ ಎ4 29.7. ಸ್ಕ್ರೀನ್ ಮೇಲೆ ಒಂದು ಲೆಕ್ಕ, ಕಾಗದದ ಮೇಲೆ ಇನ್ನೊಂದು ಲೆಕ್ಕ ಆಗೋಕೆ ಎಷ್ಟೋ ಸಲ ಇದೇ ಕಾರಣ, ಜನ ಪ್ರಿಂಟರ್‌ನ ಬೈತಿರ್ತಾರೆ. ಲೇಔಟ್‌ಗೆ ಹೋಗಿ ಸೈಜ್ ಎ4 ಮಾಡಿ.

ಆಮೇಲೆ 'ಸಂಖ್ಯೆ' ಎಡಗಡೆ, 'ದಿನಾಂಕ' ಅದೇ ಲೈನಲ್ಲಿ ಬಲಗಡೆ ಬರ್ಬೇಕಲ್ಲ, ಅಲ್ಲಿ ಸ್ಪೇಸ್ ಬೇಡ, ರೈಟ್ ಟ್ಯಾಬ್ ಹಾಕಿ. ಎ4ನಲ್ಲಿ ಎರಡೂ ಕಡೆ 2.54 ಸೆಂಟಿಮೀಟರ್ ಮಾರ್ಜಿನ್ ಇದ್ರೆ ಮಧ್ಯೆ ಉಳಿಯೋದು 15.92. ಪ್ಯಾರಾಗ್ರಾಫ್ ಡೈಲಾಗಲ್ಲಿ ಟ್ಯಾಬ್ಸ್ ಒತ್ತಿ 15.92 ಕೊಟ್ಟು ರೈಟ್ ಅಂತ ಆರಿಸಿ ಸೆಟ್ ಮಾಡಿ, ಮತ್ತೆ ಸಂಖ್ಯೆ ಆದ ಮೇಲೆ ಒಂದೇ ಒಂದು ಟ್ಯಾಬ್ ಒತ್ತಿ ದಿನಾಂಕ ಟೈಪ್ ಮಾಡಿ. ತಾರೀಕು ಬಲಗಡೆ ಅಂಚಿಗೆ ಅಂಟ್ಕೊಂಡು ಕೂರುತ್ತೆ, ಪತ್ರ ಸಂಖ್ಯೆ ಎಷ್ಟೇ ಉದ್ದ ಆಗ್ಲಿ, ಎರಡೂ ಸೇರಿ ಆ ಲೈನಲ್ಲಿ ಹಿಡಿಯೋವರೆಗೂ ಅದು ಅಲ್ಲಾಡಲ್ಲ. ಮಾರ್ಜಿನ್ ಬದಲಾಯಿಸಿದ್ರೆ ಮಾತ್ರ ಈ ಟ್ಯಾಬ್‌ನೂ ಬದಲಾಯಿಸ್ಬೇಕು, ಅದೊಂದು ನೆನಪಿರ್ಲಿ.

'ವಿಷಯ', 'ಉಲ್ಲೇಖ' ಇವೆರಡೇ ನಮ್ಮ ಕನ್ನಡ ಪತ್ರದಲ್ಲಿ ಜಾಸ್ತಿ ಗೋಳು ಕೊಡೋದು. ವಿಷಯ ಎರಡು ಮೂರು ಲೈನ್ ಬರುತ್ತೆ, ಎರಡನೇ ಲೈನು 'ವಿಷಯ' ಅನ್ನೋದರ ಕೆಳಗೆ ಬರ್ಬಾರ್ದು, ಮ್ಯಾಟರ್ ಕೆಳಗೇ ಬರ್ಬೇಕು, ಅದಕ್ಕೆ ಜನ ಲೈನ್ ಮಧ್ಯೆ ಎಂಟರ್ ಒತ್ತಿ ಸ್ಪೇಸ್ ಹಾಕ್ಕೊಂಡು ಬರ್ತಾರೆ. ಹ್ಯಾಂಗಿಂಗ್ ಇಂಡೆಂಟ್ ಅಂತ ಇರೋದೇ ಇದಕ್ಕೆ. ಆ ಪ್ಯಾರಾ ಒಳಗೆ ಕರ್ಸರ್ ಇಟ್ಟು ಕಂಟ್ರೋಲ್ ಟಿ ಒತ್ತಿ, ಬೇಕಾದಷ್ಟು ಒಳಗೆ ಹೋಗೋವರೆಗೂ ಒತ್ತಿ, 'ವಿಷಯ:' ಆದ ಮೇಲೆ ಒಂದು ಟ್ಯಾಬ್. ಆಯ್ತು. ಉಲ್ಲೇಖದಲ್ಲಿ 1, 2, 3 ಅಂತ ಬರೋದಿದ್ರೆ ನಾನಂತೂ ಗೆರೆ ಇಲ್ಲದ ಟೇಬಲ್ಲೇ ಹಾಕೋದು, ಎಡಗಡೆ ಸಣ್ಣ ಕಾಲಂನಲ್ಲಿ 'ವಿಷಯ', 'ಉಲ್ಲೇಖ', ಬಲಗಡೆ ದೊಡ್ಡದ್ರಲ್ಲಿ ಮ್ಯಾಟರ್, ಬಾರ್ಡರ್ 'ನನ್' (None) ಅಂತ ಕೊಟ್ರೆ ಟೇಬಲ್ ಇದೆ ಅಂತ ಯಾರಿಗೂ ಗೊತ್ತಾಗಲ್ಲ. ಇದು ಕಳ್ಳದಾರಿ ಅನ್ನೋರೂ ಇದ್ದಾರೆ, ಅನ್ಲಿ ಬಿಡಿ, ಕಾಟ ಕೊಟ್ಟಾಗ ತಡ್ಕೊಳ್ಳುತ್ತೆ.

ಇನ್ನು ನಿಮ್ಮ ಸಹಿ ಜಾಗ. 'ತಮ್ಮ ವಿಶ್ವಾಸಿ' ಮತ್ತೆ ಕೆಳಗೆ ಹುದ್ದೆ ಹೆಸರು ಬಲಗಡೆ ಬರೋಕೆ ಆ ಪ್ಯಾರಾಗಳಿಗೆ ಎಡಗಡೆ ಇಂಡೆಂಟ್ 9 ಸೆಂಟಿಮೀಟರ್ ಕೊಟ್ಟು ಸೆಂಟರ್ ಮಾಡಿ. ಸಹಿ ಮಾಡೋಕೆ ಜಾಗ ಬೇಕು ಅಂದ್ರೆ ಮೂರು ಎಂಟರ್ ಬೇಡ, ಹುದ್ದೆ ಇರೋ ಲೈನಿಗೆ ಸ್ಪೇಸಿಂಗ್ ಬಿಫೋರ್ 36 ಪಾಯಿಂಟ್ ಅಂತ ಕೊಡಿ. ಆಮೇಲೆ ಮ್ಯಾಟರಿನ ಕೊನೇ ಪ್ಯಾರಾದಿಂದ ಹಿಡಿದು ಹುದ್ದೆಯ ಹಿಂದಿನ ಲೈನ್ ತನಕ ಸೆಲೆಕ್ಟ್ ಮಾಡಿ, ಪ್ಯಾರಾಗ್ರಾಫಲ್ಲಿ ಲೈನ್ ಅಂಡ್ ಪೇಜ್ ಬ್ರೇಕ್ಸ್ ಅಂತ ಇದೆಯಲ್ಲ, ಅಲ್ಲಿ ಕೀಪ್ ವಿತ್ ನೆಕ್ಸ್ಟ್ ಟಿಕ್ ಮಾಡಿ. ಇನ್ಮೇಲೆ ಸಹಿ ಒಂಟಿಯಾಗಿ ಎರಡನೇ ಪೇಜಿಗೆ ಹೋಗಲ್ಲ, ಹೋಗಲೇಬೇಕಾಗಿ ಬಂದ್ರೆ ಕೊನೇ ಪ್ಯಾರಾದ ಲೈನನ್ನೂ ಜೊತೇಲಿ ಕರ್ಕೊಂಡು ಹೋಗುತ್ತೆ. ಬರೀ ಸಹಿ ಇರೋ ಪೇಜು ನೋಡೋಕೆ ಚೆನ್ನಾಗಿರಲ್ಲ ಅನ್ನೋದಷ್ಟೇ ಅಲ್ಲ, ಆ ಹಾಳೇನ ಯಾವ ಪತ್ರದ ಹಿಂದೆ ಬೇಕಾದ್ರೂ ಪಿನ್ ಹೊಡೀಬಹುದು, ಅದಕ್ಕೇ ಅನುಭವ ಇರೋ ಸೂಪರಿಂಟೆಂಡೆಂಟ್‌ಗಳು ಅದನ್ನ ವಾಪಸ್ ಕಳಿಸೋದು.

ಕನ್ನಡಕ್ಕೇ ಸೇರಿದ್ದು ಒಂದು ಮಾತು. ಲೈನ್ ಸ್ಪೇಸಿಂಗಲ್ಲಿ ಎಕ್ಸಾಕ್ಟ್‌ಲಿ ಅಂತ ಇರುತ್ತೆ, ಒಂದೇ ಪೇಜಲ್ಲಿ ಹಿಡಿಸೋಕೆ ಅಂತ ಅದನ್ನ ಕಮ್ಮಿ ಮಾಡಿದ್ರೆ 'ರಾಷ್ಟ್ರ', 'ಶಾಸ್ತ್ರ' ಅನ್ನೋ ಪದಗಳ ಒತ್ತಕ್ಷರದ ಕಾಲೇ ಕತ್ತರಿಸಿ ಹೋಗುತ್ತೆ. ಸಿಂಗಲ್ ಅಥವಾ ಮಲ್ಟಿಪಲ್ ಇಡಿ. 'ರೂ. 5,000' ಅನ್ನೋದು ಲೈನ್ ತುದೀಲಿ ಎರಡು ತುಂಡಾಗಿ ರೂ. ಮೇಲೆ, 5,000 ಕೆಳಗೆ ಬರ್ಬಾರ್ದು ಅಂದ್ರೆ ಮಧ್ಯೆ ಕಂಟ್ರೋಲ್ ಶಿಫ್ಟ್ ಸ್ಪೇಸ್ ಒತ್ತಿ.

ಪತ್ರ ಕೈಗೆ ಬಂದ ಮೇಲೆ ಸಭೆಯ ನೋಟೀಸು ಮತ್ತು ನಡವಳಿ ಹಿಡೀರಿ, ಸಹಕಾರ ಸಂಘದಲ್ಲಿ ಅದು ತಪ್ಪಿದ್ದಲ್ಲ. ಅಲ್ಲಿ ಕಲಿಯೋದು ಒಂದೇ, ನಂಬರನ್ನ ಕೈಯಲ್ಲಿ ಟೈಪ್ ಮಾಡ್ಬೇಡಿ. ಹತ್ತು ವಿಷಯ ಇರೋ ನೋಟೀಸಲ್ಲಿ ಮೂರನೇದಾದ ಮೇಲೆ ಇನ್ನೊಂದು ಸೇರ್ಸಿ ಅಂತಾರೆ, ಕೈಯಲ್ಲಿ ಹಾಕಿದ್ರೆ ಏಳು ನಂಬರ್ ತಿದ್ಬೇಕು, ಒಂದು ಬಿಟ್ಟುಹೋದ್ರೆ ನಡವಳೀಲಿ ಎರಡು ಐದನೇ ತೀರ್ಮಾನ ಬರುತ್ತೆ. ನಂಬರಿಂಗ್ ಬಟನ್ ಬಳಸಿ, ಅದರ ಪಕ್ಕದ ಬಾಣ ಒತ್ತಿ ಡಿಫೈನ್ ನ್ಯೂ ನಂಬರ್ ಫಾರ್ಮ್ಯಾಟ್‌ಗೆ ಹೋದ್ರೆ ನಂಬರ್ ಹಿಂದೆ 'ವಿಷಯ ಸಂಖ್ಯೆ' ಅಂತಾನೂ ಸೇರಿಸ್ಬಹುದು, ಆಮೇಲೆ ಅದು ತಾನೇ ಎಣಿಸ್ಕೊಳ್ಳುತ್ತೆ.

ಟೇಬಲ್‌ಗೆ ಒಳ್ಳೇ ಅಭ್ಯಾಸ ಬೇಕಾ, ತಿಪಟೂರು ಕಡೆ ಕೊಬ್ಬರಿ ಲೆಕ್ಕ ಹಾಕಿ ನೋಡಿ. ಕ್ರಮ ಸಂಖ್ಯೆ, ರೈತರ ಹೆಸರು, ಚೀಲ, ತೂಕ, ದರ, ಮೊತ್ತ, ಷರಾ, ಇಷ್ಟು ಕಾಲಂ. ದರಕ್ಕೆ 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ ಇಟ್ಕೊಳ್ಳಿ, 4.35 ಕ್ವಿಂಟಾಲ್ ತಂದೋರಿಗೆ 52,635 ಬರ್ಬೇಕು, ಹೀಗೆ ಅರವತ್ತು ರೈತರ ಹೆಸರು ತುಂಬ್ಸಿ ಎರಡು ಮೂರು ಪೇಜ್ ಆಗೋ ಹಾಗೆ ಮಾಡಿ. ಈಗ ನೋಡಿ ತಮಾಷೆ, ಎರಡನೇ ಪೇಜಲ್ಲಿ ಯಾವ ಕಾಲಂ ಏನು ಅಂತಾನೇ ಗೊತ್ತಾಗಲ್ಲ. ಮೊದಲ ಸಾಲಲ್ಲಿ ಕರ್ಸರ್ ಇಟ್ಟು ಟೇಬಲ್ ಲೇಔಟಲ್ಲಿ ರಿಪೀಟ್ ಹೆಡರ್ ರೋಸ್ ಒತ್ತಿದ್ರೆ ಪ್ರತಿ ಪೇಜಲ್ಲೂ ತಲೆಬರಹ ಬರುತ್ತೆ. ದುಡ್ಡಿನ ಕಾಲಂ ಯಾವಾಗ್ಲೂ ಬಲಕ್ಕೆ, ಹೆಸರು ಎಡಕ್ಕೆ. ಎಲ್ಲಾನೂ ಸೆಂಟರ್ ಮಾಡೋ ಚಟ ಒಂದಿದೆ ನಮ್ಮ ಕಡೆ, ದಯವಿಟ್ಟು ಬಿಟ್ಬಿಡಿ, ಸಾವಿರಕ್ಕೂ ಲಕ್ಷಕ್ಕೂ ವ್ಯತ್ಯಾಸ ಕಣ್ಣಿಗೆ ಹೊಡೆಯೋದು ಅಂಕಿಗಳು ಬಲಗಡೆ ಒಂದೇ ಸಾಲಲ್ಲಿ ನಿಂತಾಗ.

ಮೊತ್ತ ಕೂಡೋಕೆ ವರ್ಡಲ್ಲೇ ಫಾರ್ಮುಲಾ ಇದೆ, ಸಮ್ ಅಬವ್ ಅಂತ, ಆದ್ರೆ ಅದನ್ನ ಕಣ್ಣುಮುಚ್ಚಿ ನಂಬ್ಬೇಡಿ. ಮಧ್ಯೆ ಒಂದು ಮನೆ ಖಾಲಿ ಇದ್ರೆ ಅಲ್ಲಿಗೇ ನಿಂತುಬಿಡುತ್ತೆ, ಹೆಡಿಂಗಲ್ಲಿ 2025 ಅಂತ ಅಂಕಿ ಇದ್ರೆ ಅದನ್ನೂ ಕೂಡ್ಕೊಂಡುಬಿಡುತ್ತೆ, ಮತ್ತೆ ಒಂದು ಅಂಕಿ ಬದಲಾಯಿಸಿದ್ರೆ ಎಕ್ಸೆಲ್ ಥರ ತಾನಾಗಿ ಬದಲಾಗಲ್ಲ, ಸೆಲೆಕ್ಟ್ ಮಾಡಿ ಎಫ್9 ಒತ್ತಬೇಕು. ಹತ್ತು ಸಾಲು ಮೀರಿದ ಲೆಕ್ಕ ಎಕ್ಸೆಲಲ್ಲಿ ಮಾಡಿ ಇಲ್ಲಿಗೆ ತನ್ನಿ ಅನ್ನೋದು ನನ್ನ ಮಾತು.

ಸೆಪ್ಟೆಂಬರ್ ಹೊತ್ತಿಗೆ ವಾರ್ಷಿಕ ಮಹಾಸಭೆ ಬರುತ್ತೆ, ಎಲ್ಲಾ ಸದಸ್ಯರಿಗೂ ಹೆಸರು ಹಾಕಿ ನೋಟೀಸ್ ಕಳಿಸ್ಬೇಕಾಗುತ್ತೆ, ಆಗ ಮೇಲ್ ಮರ್ಜ್ (ಒಂದೇ ಪತ್ರಕ್ಕೆ ಪಟ್ಟಿಯಿಂದ ಒಬ್ಬೊಬ್ಬರ ಹೆಸರು ತಾನಾಗಿ ಸೇರಿಸೋದು) ಬರೋರು ಅರ್ಧ ದಿನದಲ್ಲಿ ಮುಗಿಸ್ತಾರೆ, ಬರದೇ ಇರೋರು ವಾರ ಕೂತ್ಕೋತಾರೆ. ಎಕ್ಸೆಲಲ್ಲಿ ಸದಸ್ಯತ್ವ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಪಿನ್‌ಕೋಡ್ ಒಂದೊಂದು ಕಾಲಂ ಮಾಡಿ. ಮೇಲಿನ ಸಾಲಲ್ಲಿ ತಲೆಬರಹ ಇರ್ಬೇಕು, ಅದರ ಮೇಲೆ ಸಂಘದ ಹೆಸರು ದೊಡ್ಡದಾಗಿ ಹಾಕಿ ಮನೆಗಳನ್ನ ಮರ್ಜ್ ಮಾಡಿಟ್ರೆ ವರ್ಡ್‌ಗೆ ದಾರಿ ತಪ್ಪುತ್ತೆ. ವರ್ಡಲ್ಲಿ ಮೇಲಿಂಗ್ಸ್, ಸೆಲೆಕ್ಟ್ ರೆಸಿಪಿಯೆಂಟ್ಸ್, ಆ ಎಕ್ಸೆಲ್ ತೋರ್ಸಿ, ಇನ್ಸರ್ಟ್ ಮರ್ಜ್ ಫೀಲ್ಡಿಂದ ಒಂದೊಂದೇ ಜಾಗಕ್ಕೆ ಹಾಕಿ. ತಾರೀಕು ಇರೋ ಕಾಲಂ ಇದ್ರೆ ಮಾತ್ರ ಹುಷಾರು, ಎಕ್ಸೆಲಲ್ಲಿ 05-09 ಅಂತ ಕಂಡಿದ್ದು ವರ್ಡಲ್ಲಿ ಅಮೆರಿಕದ ಲೆಕ್ಕದಲ್ಲಿ ತಿಂಗಳು ಮುಂದೆ ದಿನ ಹಿಂದೆ ಆಗಿ ಬರೋದುಂಟು. ಸುಲಭದ ಉಪಾಯ, ಟೈಪ್ ಮಾಡೋಕೆ ಮುಂಚೇನೇ ಆ ಕಾಲಂನ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡಿಡಿ. ಕೊನೇಗೆ ಸೀದಾ ಪ್ರಿಂಟ್ ಕೊಡ್ಬೇಡಿ, ಎಡಿಟ್ ಇಂಡಿವಿಜುವಲ್ ಡಾಕ್ಯುಮೆಂಟ್ಸ್ ಕೊಟ್ಟು ಹೊಸ ಫೈಲ್ ಮಾಡಿ ಒಂದು ಸಲ ಕಣ್ಣಾಡಿಸಿ. ಐನೂರು ಹಾಳೆ ಪ್ರಿಂಟ್ ಆದ ಮೇಲೆ ಊರಿನ ಜಾಗದಲ್ಲಿ ಪಿನ್‌ಕೋಡ್ ಕಂಡ್ರೆ ಆಫೀಸಲ್ಲಿ ಅದನ್ನ ವರ್ಷಗಟ್ಟಲೆ ನೆನೆಸ್ಕೋತಾರೆ.

ಅಭ್ಯಾಸಕ್ಕೆ ಮಾದರಿ ಎಲ್ಲಿಂದ ತರ್ಲಿ ಅಂತ ಕೇಳ್ತೀರೇನೋ. ಸರ್ಕಾರದ ಇಲಾಖೆಗಳ ವೆಬ್‌ಸೈಟಲ್ಲಿ ಸುತ್ತೋಲೆ, ಆದೇಶ, ಜ್ಞಾಪನ ಪಿಡಿಎಫಲ್ಲಿ ರಾಶಿ ಬಿದ್ದಿದೆ, ಒಂದನ್ನ ಪ್ರಿಂಟ್ ತಗೊಂಡು ಪಕ್ಕದಲ್ಲಿಟ್ಟು ಹಾಗೇ ಮಾಡಿ. ಆಫೀಸಿನ ಕಡತದ ಫೋಟೋ ಹೊಡ್ಕೊಂಡು ಮನೆಗೆ ತರ್ಬೇಡಿ, ಅದ್ರಲ್ಲಿ ಸದಸ್ಯರ ಆಧಾರ್ ನಂಬರು, ಸಾಲದ ಲೆಕ್ಕ ಎಲ್ಲಾ ಇರುತ್ತೆ, ಹೆಸರುಗಳನ್ನ ನೀವೇ ಕಟ್ಕೊಳ್ಳಿ. ಇನ್ನೊಂದು ಒಳ್ಳೇ ಪಾಠ ಮಾಹಿತಿ ಹಕ್ಕು ಅರ್ಜಿ, ನಮ್ಮ ರಾಜ್ಯದಲ್ಲಿ ಅದು ನಮೂನೆ ಎ ಪ್ರಕಾರ ಇರ್ಬೇಕು, ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರ್ಬಾರ್ದು. ಕೆಳಗಡೆ ಪದಗಳ ಎಣಿಕೆ ನೋಡ್ಕೊಂಡು ಮ್ಯಾಟರ್ ಕಡಿಮೆ ಮಾಡೋದು ಕಲಿಯೋಕೆ ಇದಕ್ಕಿಂತ ಬೇರೆ ಬೇಡ.

ಇಂಗ್ಲಿಷಲ್ಲಿ ಮಾಡೋಕೆ ಸುಪ್ರೀಂ ಕೋರ್ಟಿನ ಅಳತೆ ತಗೊಳ್ಳಿ. 2020ರಲ್ಲಿ ಅವರು ಎ4ಗೆ ಬಂದಾಗ ಕೊಟ್ಟಿದ್ದು ಟೈಮ್ಸ್ ನ್ಯೂ ರೋಮನ್, ಸೈಜ್ 14, ಒಂದೂವರೆ ಲೈನ್ ಸ್ಪೇಸಿಂಗ್, ಎಡಬಲ 4 ಸೆಂಟಿಮೀಟರ್, ಮೇಲೆ ಕೆಳಗೆ 2 ಸೆಂಟಿಮೀಟರ್ ಮಾರ್ಜಿನ್, ಎರಡೂ ಕಡೆ ಪ್ರಿಂಟ್. ನಾಲ್ಕು ಪೇಜಿನ ಯಾವುದಾದ್ರೂ ಫೈಲ್ ತಗೊಂಡು ಈ ಅಳತೆಗೆ ತನ್ನಿ. ಸ್ಟೈಲ್ಸ್ (ಫಾಂಟ್, ಸೈಜ್, ಸ್ಪೇಸಿಂಗ್ ಎಲ್ಲಾ ಒಂದು ಹೆಸರಲ್ಲಿ ಕಟ್ಟಿಟ್ಟ ಸೆಟ್ಟಿಂಗ್) ಬಳಸಿ ಕಟ್ಟಿದ್ದಾದ್ರೆ ನಾರ್ಮಲ್ ಸ್ಟೈಲ್ ಒಂದನ್ನ ಮಾಡಿಫೈ ಮಾಡಿ ಮಾರ್ಜಿನ್ ಬದಲಾಯಿಸಿದ್ರೆ ಎರಡು ನಿಮಿಷದ ಕೆಲಸ, ಇಲ್ಲಾಂದ್ರೆ ಸಾಯಂಕಾಲ ಪೂರ್ತಿ ಅದರ ಹಿಂದೇನೇ. ಸ್ಟೈಲ್ ಯಾಕೆ ಬೇಕು ಅಂತ ನಾನು ಹತ್ತು ಸಲ ಹೇಳೋದಕ್ಕಿಂತ ಇದನ್ನ ಒಂದು ಸಲ ಮಾಡಿದ್ರೆ ಸಾಕು.

ನುಡಿನಾ ಯೂನಿಕೋಡಾ ಅನ್ನೋದು ಎದುರುಬದುರು ಪ್ರಶ್ನೆನೇ ಅಲ್ಲ. ನುಡಿ ಕನ್ನಡ ಗಣಕ ಪರಿಷತ್ತಿನ ತಂತ್ರಾಂಶ, ಅದ್ರಲ್ಲಿ ಹಳೇ ಫಾಂಟಿನ ದಾರಿನೂ ಇದೆ, ಯೂನಿಕೋಡ್ ದಾರಿನೂ ಇದೆ, ಕೀಲಿಮಣೆ ಎರಡಕ್ಕೂ ಒಂದೇ, ಕೆ.ಪಿ. ರಾವ್ ಅವರ ವಿನ್ಯಾಸದ್ದು, ಹಾಗಾಗಿ ನಿಮ್ಮ ಬೆರಳಿನ ಅಭ್ಯಾಸ ಎಲ್ಲೂ ಹೋಗಲ್ಲ. ಹಳೇ ದಾರೀಲಿ ಕಂಪ್ಯೂಟರ್ ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತೆ ಚಿತ್ರವಿಚಿತ್ರ ಚಿಹ್ನೆಗಳೇ, ಫಾಂಟ್ ಮಾತ್ರ ಅವನ್ನ ಕನ್ನಡವಾಗಿ ತೋರ್ಸುತ್ತೆ; ಯೂನಿಕೋಡಲ್ಲಿ ಕನ್ನಡ ಅಕ್ಷರಕ್ಕೇ ಅದರದ್ದೇ ಸಂಕೇತ ಇರುತ್ತೆ. ಹಳೇ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅಂಥ ಫೈಲ್ ಹೋದ್ರೆ ಏನೂ ಓದೋಕಾಗಲ್ಲ, ಎಕ್ಸೆಲಲ್ಲಿ ಹೆಸರುಗಳನ್ನ ಅಕಾರಾದಿ ಜೋಡಿಸೋಕೂ ಆಗಲ್ಲ. ಕೈಗೆ ಬಂದ ಫೈಲ್ ಯಾವ ಥರದ್ದು ಅಂತ ತಿಳಿಯೋಕೆ ಎರಡು ಪದ ಸೆಲೆಕ್ಟ್ ಮಾಡಿ ಏರಿಯಲ್ ಫಾಂಟ್ ಕೊಡಿ, ಕನ್ನಡವಾಗೇ ಉಳಿದ್ರೆ ಯೂನಿಕೋಡ್, ಗೋಜಲಾದ್ರೆ ಹಳೇದು, ನೋಡಿ ಆದ ಮೇಲೆ ಕಂಟ್ರೋಲ್ ಝಡ್. ಹೊಸದಾಗಿ ಮಾಡೋದೆಲ್ಲಾ ಯೂನಿಕೋಡಲ್ಲೇ ಮಾಡಿ. ಹಳೇ ಫೈಲ್ ಬಳಸ್ಬೇಕು ಅಂದ್ರೆ ನುಡೀಲೇ ಕನ್ವರ್ಟರ್ ಇದೆ, ಆದ್ರೆ ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನ ಕಾಗದದ ಮೇಲೆ ಒಂದೊಂದಾಗಿ ಓದಿ, ಮುಖ್ಯವಾಗಿ ಹೆಸರು ಮತ್ತೆ ಮೊತ್ತ.

ಲ್ಯಾಪ್‌ಟಾಪಲ್ಲಿ ವರ್ಡ್ ಇಲ್ಲ ಅಂತ ಯೋಚನೆ ಬೇಡ, ಕದ್ದ ವರ್ಡ್ ಹಾಕಿಸ್ಕೊಳ್ಳೋಕೆ ಯಾರ ಹತ್ರಾನೂ ಹೋಗ್ಬೇಡಿ, ವೈರಸ್ ಜೊತೇಲೇ ಬರುತ್ತೆ. ಲಿಬ್ರೆ ಆಫೀಸ್ ಫ್ರೀ, ಹಳೇ ಮೆಷೀನಲ್ಲೂ ಓಡುತ್ತೆ, ಅದರ ರೈಟರಲ್ಲಿ ಟ್ಯಾಬ್, ಇಂಡೆಂಟ್, ಸ್ಟೈಲ್, ಹೆಡರ್ ರಿಪೀಟ್ ಎಲ್ಲಾ ಇದೆ. ಕಾಣದ ಗುರುತು ತೋರ್ಸೋಕೆ ಅಲ್ಲಿ ಕಂಟ್ರೋಲ್ ಎಫ್10, ಸ್ಟೈಲ್ಸ್‌ಗೆ ಎಫ್11. ಮೆನು ಹೆಸರು ಆಚೀಚೆ ಇರುತ್ತೆ, ಮೊದಲ ದಿನ ಸ್ವಲ್ಪ ಹುಡುಕಾಡ್ತೀರ ಅಷ್ಟೇ. ಸೇವ್ ಮಾಡೋವಾಗ ಡಾಕ್ಸ್ (.docx) ಅಂತ ಕೊಟ್ರೆ ಆಫೀಸ್ ವರ್ಡಲ್ಲೂ ತೆಗೀಬಹುದು, ಫಾಂಟ್ ಎರಡೂ ಕಡೆ ಒಂದೇ ಇರೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಪೇಜ್ ಲೆಕ್ಕ ತಪ್ಪುತ್ತೆ. ಮೇಲ್ ಮರ್ಜ್ ಮಾತ್ರ ರೈಟರಲ್ಲಿ ದಾರಿ ಬೇರೆ, ಅದೊಂದನ್ನ ಸೆಕ್ರೆಟರಿಯವರಿಗೆ ಒಂದು ಮಾತು ಹೇಳಿ ಊಟದ ಬಿಡುವಲ್ಲಿ ಆಫೀಸ್ ಕಂಪ್ಯೂಟರಲ್ಲೇ, ಕಟ್ಟಿದ ಹೆಸರುಗಳಿಟ್ಕೊಂಡು ಮಾಡಿ ನೋಡಿ, ಸೆಪ್ಟೆಂಬರ್ ಬರೋಕೆ ಮುಂಚೆ.